ಅಕ್ಕನ ಅರ್ಜಿ, ನನ್ನ ಇಂಗ್ಲಿಷು

ಮೊನ್ನೆ ಪಕ್ಕದ ಮನೆಯ ಹುಡುಗಿ ಪರೀಕ್ಷೆಯ ಗೈಡೊಂದನ್ನು ಹಿಡಿದುಕೊಂಡು ಬಂದಳು. ಅದರಲ್ಲೊಂದು ಪುಟದ ತುಂಬ ಇಂಗ್ಲಿಷ್ ನುಡಿಗಟ್ಟುಗಳು, ಎಲ್ಲವೂ ದುಡ್ಡಿನ ಗುಟ್ಟು ವ್ಯವಹಾರಕ್ಕೆ ಸೇರಿದವು. ‘ಗ್ರೀಸಿಂಗ್ ದಿ ಪಾಮ್’ ಅಂದರೆ ಅಂಗೈಗೆ ಜಿಡ್ಡು ಸವರುವುದು. ‘ಅಂಡರ್ ದಿ ಟೇಬಲ್’ ಅಂದರೆ ಮೇಜಿನ ಕೆಳಗೆ ಕೊಡುವುದು. ‘ಕುಕಿಂಗ್ ದಿ ಬುಕ್ಸ್’ ಅಂದರೆ ಲೆಕ್ಕದ ಪುಸ್ತಕವನ್ನು ಬೇಯಿಸಿ ಬಡಿಸುವುದು. ‘ಫೆದರಿಂಗ್ ದಿ ನೆಸ್ಟ್’ ಅಂದರೆ ತನ್ನ ಗೂಡಿಗೆ ತಾನು ಪುಕ್ಕ ಹಾಸಿಕೊಳ್ಳುವುದು. ಹುಡುಗಿ ಒಂದೊಂದನ್ನೇ ಓದಿ, "ಎಷ್ಟು ಮಜವಾಗಿವೆ ಅಲ್ವಾ ತಾತ?" ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು! "ಮಜವೇ? ಕಳ್ಳತನದಲ್ಲಿ ಮಜ ಎಲ್ಲಿಂದ ಬಂತು? ಲಂಚ ಅನ್ನು, ಕಳವು ಅನ್ನು. ಪುಕ್ಕವಂತೆ, ಜಿಡ್ಡಂತೆ!" ಎಂದು ರೇಗಿದೆ. ಪಾಪ, ಗೈಡನ್ನು ಮಡಿಚಿಕೊಂಡು ಹೊರಟೇಬಿಟ್ಟಳು. ನನ್ನಾಕೆ ಅಡಿಗೆಮನೆಯಿಂದ ಬಂದು, "ಮಗು ಅರ್ಥ ಕೇಳೋಕೆ ಬಂದ್ರೆ ಬೈದು ಕಳಿಸಿದ್ರಲ್ಲ. ನಿಮಗೇನಾಗಿದೆ?" ಎಂದು ಕೇಳಿದಳು. ಏನಾಗಿದೆ ಎಂದು ಅವಳಿಗೆ ಐವತ್ತು ವರ್ಷದಿಂದ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನೀವು ನನ್ನ ಜೊತೆ ಸಂಸಾರ ಮಾಡಬೇಕಾಗಿಲ್ಲವಲ್ಲ.

ಒಂದು ಕಾಲದಲ್ಲಿ ಈ ನುಡಿಗಟ್ಟುಗಳ ಹುಚ್ಚು ನನಗಿದ್ದಷ್ಟು ಮೈಸೂರು ಸಂಸ್ಥಾನದಲ್ಲಿ ಇನ್ನಾರಿಗೂ ಇರಲಿಲ್ಲ ಎಂದೇ ನನ್ನ ನಂಬಿಕೆ. ಯುದ್ಧದ ಕಾಲ. ಬಿ.ಎ. ಮುಗಿಸಿ ಮಧುಗಿರಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದಕ್ಕೇ ಇರಬೇಕು, ಠೀವಿ ಎರಡರಷ್ಟಿತ್ತು. ಬೇಸಗೆಯಲ್ಲಿ ಮಧುಗಿರಿಯ ಆ ದೊಡ್ಡ ಬಂಡೆ ಹಗಲೆಲ್ಲ ಕಾದು ಊರಿನ ಮೇಲೆ ಕಾವು ಕಾರುತ್ತದೆ. ಅಂಥ ಕಡೆ ನಾನು ಕರಿಯ ಕೋಟು ತೊಟ್ಟು, ಕೊರಳಿನವರೆಗೆ ಗುಂಡಿ ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ ಪಾಠ ಮಾಡುತ್ತಿದ್ದೆ. ಲಂಚದ ನುಡಿಗಟ್ಟುಗಳ ಮೇಲೆ ನನಗೆ ವಿಶೇಷ ಪ್ರೀತಿ. ಅವುಗಳಲ್ಲಿ ಒಂದು ತುಂಟತನವಿದೆ, ಇಂಗ್ಲಿಷರ ಹಾಸ್ಯಪ್ರಜ್ಞೆಯೆಲ್ಲ ಅಲ್ಲಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಹೇಳುವಾಗ ಹುಬ್ಬು ಬೇರೆ ಹಾರಿಸುತ್ತಿದ್ದೆ.

ಒಂದು ದಿನ ತರಗತಿಯಲ್ಲಿ ‘ಅಂಡರ್ ದಿ ಟೇಬಲ್’ ಎಂಬುದನ್ನು ವಿವರಿಸಿದಾಗ ಪಾವಗಡದ ಕಡೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಮಾ ಊಳ್ಳೋ ಟೇಬುಲ್ ಎಕ್ಕಡುಂದಿ ಸಾರ್? ಚಾಪ ಕಿಂದ ಪೆಡ್ತಾರು" ಎಂದ. ನಮ್ಮೂರಲ್ಲಿ ಮೇಜೆಲ್ಲಿದೆ ಸಾರ್, ಚಾಪೆ ಕೆಳಗೆ ಇಡುತ್ತಾರೆ ಎಂದು. ತರಗತಿ ನಕ್ಕಿತು, ನಾನೂ ನಕ್ಕೆ. ಅವನು ಹೇಳಿದ್ದು ನಿಜವೇ. ಇಡೀ ತಾಲ್ಲೂಕಿನಲ್ಲಿ ಕೆಳಗೆ ಏನಾದರೂ ದಾಟಿಸಬಹುದಾದಂಥ ಮೇಜು ಮೂರೋ ನಾಲ್ಕೋ ಇದ್ದವು. ಮಿಕ್ಕ ಗುಮಾಸ್ತರೆಲ್ಲ ನೆಲದ ಮೇಲೆ ಇಳಿಜಾರು ಡೆಸ್ಕು ಇಟ್ಟುಕೊಂಡು ಕೂರುವವರು. ನಮ್ಮ ಶಾಲೆಯ ಉರ್ದು ಮುನ್ಷಿ ಖಾದರ್ ಸಾಹೇಬರಿಗೆ ಇದನ್ನು ಹೇಳಿದೆ. ಅವರು ಶಿರಾದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಗುವುದು ಅಪರೂಪ. "ಮೇಷ್ಟ್ರೇ, ನಮ್ಮ ಕಡೆ ಅದಕ್ಕೆ ಮಾಮೂಲ್ ಅಂತಾರೆ. ಮಾಮೂಲ್ ಅಂದ್ರೆ ಕ್ಯಾ? ರೋಜ್ ಕಾ ರಿವಾಜ್. ದಿನಾ ಕದ್ರೆ ಅದು ಕಳ್ತನ ಅಲ್ಲ, ಪದ್ಧತಿ ಆಗೋಗ್ತದೆ. ನಿಮಗೆ ನಗು ಹೆಂಗೆ ಬರ್ತದೋ ಅಲ್ಲಾಗೇ ಗೊತ್ತು" ಎಂದರು. ಮುನ್ಷಿಗಳಿಗೆ ಸಾಹಿತ್ಯದ ರುಚಿ ಕಡಿಮೆ ಎಂದುಕೊಂಡೆ.

ನಮ್ಮೂರ ಪದ್ಧತಿ ಹೇಗಿತ್ತೆಂದು ನೀವು ತಿಳಿಯಬೇಕು. ಮೇಷ್ಟರುಗಳ ಹಣೆಬರಹ ಬರೆಯುವ ಕಚೇರಿಯೊಂದು ಇತ್ತು. ಯಾವುದೆಂದು ಕೇಳಬೇಡಿ. ಅದರ ಹಿರೇಗುಮಾಸ್ತರು ದೈವಭಕ್ತರು, ಮಡಿವಂತರು. ಅವರು ಯಾರನ್ನೂ ಹಣ ಕೇಳಿದವರಲ್ಲ, ದುಡ್ಡನ್ನು ಕೈಯಿಂದ ಮುಟ್ಟಿದವರೂ ಅಲ್ಲ. ಕೆಲಸವಾಗಬೇಕಾದವರು ಬೆಳಿಗ್ಗೆ ಅವರ ಮನೆಗೆ ತಾಂಬೂಲದ ತಟ್ಟೆ ಒಯ್ಯುತ್ತಿದ್ದರು. ಚಿಗುರೆಲೆ, ಅಡಿಕೆ, ಎರಡು ಬಾಳೆಹಣ್ಣು, ಎಲೆಯ ಕೆಳಗೆ ಮಡಿಸಿದ ನೋಟು. ಅವರು ತಟ್ಟೆಗೆ ಕೈ ಮುಗಿದು, "ದೇವರ ಮುಂದೆ ಇಡಿ" ಎನ್ನುತ್ತಿದ್ದರು. ಇಟ್ಟು ಬರುವುದು. ಏಕಾದಶಿಯ ದಿನ ಅವರು ಎಲೆಯಡಿಕೆ ಮುಟ್ಟುತ್ತಿರಲಿಲ್ಲವಾದ್ದರಿಂದ ಅವತ್ತು ಲಂಚವೂ ಇಲ್ಲ. ದೂರದಿಂದ ಬರುವ ಮೇಷ್ಟರುಗಳು ಪಂಚಾಂಗ ನೋಡಿಕೊಂಡು ಹೊರಡುತ್ತಿದ್ದರು ಎಂದರೆ ನೀವು ನಂಬಬೇಕು. ಇಂಗ್ಲಿಷಿನವನಾದರೂ ಲಂಚವನ್ನು ಮೇಜಿನ ಕೆಳಗಿಟ್ಟು ಅಷ್ಟೋ ಇಷ್ಟೋ ನಾಚಿಕೊಂಡ. ನಾವು ಅದನ್ನು ದೇವರ ಮುಂದಿಟ್ಟು ಕೈ ಮುಗಿದೆವು! ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಆಗ ಮಾತ್ರ ಉರಿಯಲಿಲ್ಲ.

ಆ ಬಾಡಿಗೆ ಮನೆಯಲ್ಲಿ ನನ್ನ ಜೊತೆಗೆ ಗಿರಿಜಕ್ಕ ಇದ್ದಳು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಮ್ಮಪ್ಪನಿಗೆ ಕೊರಟಗೆರೆಯಲ್ಲಿ ಬೆಲ್ಲದ ಅಂಗಡಿ. ಅಕ್ಕನನ್ನು ಹದಿಮೂರಕ್ಕೆ ಶಿರಾದ ಮನೆಯೊಂದಕ್ಕೆ ಕೊಟ್ಟರು, ಹದಿನಾರಕ್ಕೆ ಗಂಡ ಸತ್ತ. ಆಮೇಲೆ ಆರು ವರ್ಷ ಮೈದುನನ ಮನೆಯಲ್ಲಿ ಹದಿನಾಲ್ಕು ಜನಕ್ಕೆ ಬೇಯಿಸಿ ಹಾಕಿದಳು. ಒಂದು ಸಲ ಜ್ವರದ ನೆಪದಲ್ಲಿ ತವರಿಗೆ ಬಂದವಳು ಹಟ ಹಿಡಿದು ಮೈಸೂರಿಗೆ ಹೋಗಿ, ಓದಿ, ಉಪಾಧ್ಯಾಯಿನಿಯ ತರಬೇತಿ ಮುಗಿಸಿ, ತನ್ನ ಗುಂಪಿಗೇ ಮೊದಲನೆಯವಳಾಗಿ ಬಂದಳು. ಕೊರಟಗೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದು ಜಾಗ ಖಾಲಿಯಿತ್ತು. ಆ ಜಾಗಕ್ಕೆ ಅರ್ಹತೆ ಇದ್ದವಳು ಅವಳೊಬ್ಬಳೇ. ಆದರೆ ಶಿರಾದ ಮೈದುನ ಅಪ್ಪನಿಗೆ ಖಂಡಿತ ಹೇಳಿ ಕಳಿಸಿದ್ದ: ಯುಗಾದಿಯೊಳಗೆ ಕೆಲಸದ ಆರ್ಡರು ಬಂದರೆ ಸರಿ, ಇಲ್ಲದಿದ್ದರೆ ನಮ್ಮ ಮನೆಯ ಹೆಂಗಸು ನಮ್ಮ ಮನೆಗೆ ಬರಲಿ. ಅಪ್ಪ ಒಪ್ಪಿಬಿಟ್ಟಿದ್ದ. ಅಕ್ಕ ಯಾವಾಗಲೂ ಗೋಡೆಯ ಕ್ಯಾಲೆಂಡರಿನ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು.

ಸಂಕ್ರಾಂತಿ ಕಳೆಯಿತು. ಆರ್ಡರಿಲ್ಲ. ವಿಚಾರಿಸಿದಾಗಲೆಲ್ಲ ಹಿರೇಗುಮಾಸ್ತರು, "ಕಾಗದ ಮೇಲಕ್ಕೆ ಹೋಗ್ಬೇಕಮ್ಮ" ಎನ್ನುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ ಅಕ್ಕ ಟ್ರಂಕಿನ ತಳದಿಂದ ಹತ್ತು ರೂಪಾಯಿಯ ನೋಟು ತೆಗೆದಳು. ಮೈಸೂರಿನಲ್ಲಿ ಒಂದು ಹೊತ್ತು ಊಟ ಬಿಟ್ಟು ಉಳಿಸಿದ್ದು. ಎಲೆ ತೊಳೆದು, ತಟ್ಟೆಯಲ್ಲಿ ಜೋಡಿಸಿ, ಸೆರಗು ಮುಚ್ಚಿಕೊಂಡು ಹೊರಟಳು. "ನಾನು ಬರಲೇ?" ಎಂದೆ. "ಬ್ಯಾಡ. ನನ್ನ ಕೆಲ್ಸ, ನಾನೇ ಕೆಡ್ತೀನಿ" ಎಂದಳು.

ಅರ್ಧ ಗಂಟೆಗೆ ವಾಪಸು ಬಂದಳು. ತಟ್ಟೆ ಹೋದ ಹಾಗೇ ಇತ್ತು, ಎಲೆ ಸಹ ಬಾಡಿರಲಿಲ್ಲ. ನೆಲದ ಮೇಲೆ ತಟ್ಟೆ ಇಟ್ಟು ಗೋಡೆಗೆ ಒರಗಿ ನಿಂತಳು.

"ಏನಾಯ್ತಕ್ಕ?"

"ಆವಯ್ಯ ಎರಡು ಹೆಜ್ಜೆ ಹಿಂದಕ್ಕೋದ ಕಣ್ಲಾ. ‘ಅಯ್ಯಯ್ಯೋ, ನೀವು ತಾಂಬೂಲ ಕೊಡಬೋದೇನಮ್ಮ? ದೇವರ ಮುಂದೆ ಇಡೋ ಪದಾರ್ಥ! ಯಾರಾದ್ರೂ ಮುತ್ತೈದೆ ಕೈಲಿ ಕಳಿಸಿ, ಇಲ್ಲಾ ಮನೆ ಗಂಡಸರ ಕೈಲಿ ಕಳಿಸಿ, ಕಮ್ಮಿ ಮಾತ್ರ ಮಾಡ್ಬೇಡಿ’ ಅಂದ." ಸೆರಗು ಸರಿಮಾಡಿಕೊಂಡು, "ಮದ್ವೆಗೆ ಆಗಲ್ಲ, ಹಬ್ಬಕ್ಕೆ ಆಗಲ್ಲ, ಗೊತ್ತಿತ್ತು. ಲಂಚಕ್ಕೂ ನನ್ನ ಕೈ ಆಗಲ್ಲ ಅಂತ ಗೊತ್ತಿರ್ಲಿಲ್ಲ" ಎಂದಳು.

ನನ್ನ ಅಕ್ಕ ಅತ್ತದ್ದನ್ನು ನಾನು ನೋಡಿದವನಲ್ಲ. ಅವತ್ತೂ ಅಳಲಿಲ್ಲ. ಅವಳ ಕಿವಿ ಮಾತ್ರ ಕೆಂಪಗೆ ಆಗಿತ್ತು. ಬಾಳೆಹಣ್ಣನ್ನು ಬೀದಿಯ ಹಸುವಿಗೆ ಹಾಕಿ, ನೋಟನ್ನು ಟ್ರಂಕಿಗೆ ಸೇರಿಸಿ, ನನ್ನ ಎದುರಿಗೆ ಬಂದು ಕೂತಳು. "ನೀನೂ ಕೊಡ್ಕೂಡ್ದು. ಆಣೆ ಇಡು. ಕಚೇರಿ ದೊಡ್ಡ ಸಾಹೇಬ್ರಿಗೇ ಅರ್ಜಿ ಬರಿ. ಅವ್ರು ಇಂಗ್ಲಿಷ್ ಅರ್ಜಿ ಆದ್ರೆ ಓದ್ತಾರಂತೆ. ಆವಯ್ಯ ದುಡ್ಡು ಕೇಳಿದ್ದು, ನನ್ನ ನೋಡಿ ಹಿಂದಕ್ಕೋಗಿದ್ದು, ಎಲ್ಲಾ ಬರಿ. ನಾನು ರುಜು ಆಕ್ತೀನಿ" ಎಂದಳು. ಅವಳಿಗೆ ಇಂಗ್ಲಿಷಿನಲ್ಲಿ ರುಜು ಹಾಕುವುದರ ಹೊರತು ಹೆಚ್ಚೇನೂ ಬರುತ್ತಿರಲಿಲ್ಲ.

ನಾನು ಬರೆದೆ. ಎರಡು ದಿನ ಕೂತು ಬರೆದೆ. ಈಗ ನಿಮ್ಮ ಮುಂದೆ ಸುಳ್ಳು ಹೇಳಿ ಏನು ಪ್ರಯೋಜನ? ಬರೆಯಲು ಕೂತಾಗ ನನ್ನ ಕಣ್ಣ ಮುಂದೆ ಅಕ್ಕನಿಗಿಂತ ಮೊದಲು ಬಂದು ನಿಂತದ್ದು ನನ್ನ ಕಾಯಮ್ಮಿನ ಕಾಗದ. ಅದೂ ಅದೇ ಹಿರೇಗುಮಾಸ್ತರ ಕಪಾಟಿನಲ್ಲಿತ್ತು. ‘ಗುಮಾಸ್ತರು ಹಣ ಕೇಳಿದರು’ ಎಂದು ಬರೆಯಲು ಎರಡು ಸಲ ಲೇಖನಿ ಎತ್ತಿದೆ, ಎರಡು ಸಲವೂ ಕೈ ತಾನೇ ಬೇರೆ ಕಡೆ ತಿರುಗಿತು. ತಿರುಗಿದ ಕಡೆಯಲ್ಲೆಲ್ಲ ನನ್ನ ಮುದ್ದಿನ ನುಡಿಗಟ್ಟುಗಳು ಕಾದು ಕೂತಿದ್ದವು. ಕಚೇರಿಯ ಗಾಲಿಗಳು ಎಣ್ಣೆ ಬೀಳದೆ ತಿರುಗವೆಂದು ಜನ ಆಡಿಕೊಳ್ಳುತ್ತಾರೆಂದೂ, ಕೆಲವು ಅಂಗೈಗಳಿಗೆ ತುರಿಕೆಯುಂಟೆಂದೂ, ಮೇಜಿನ ಮೇಲಿಗಿಂತ ಮೇಜಿನ ಕೆಳಗೆ ಹೆಚ್ಚು ಕೆಲಸ ನಡೆಯುತ್ತದೆಂಬ ವದಂತಿ ಈ ಬಡ ಅರ್ಜಿದಾರಳ ಕಿವಿಗೆ ಬಿದ್ದಿದೆಯೆಂದೂ ಬರೆದೆ. ಬರೆದು ಮುಗಿಸಿ ನಾನೇ ಓದಿಕೊಂಡು ತಲೆದೂಗಿದೆ. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು, ಭಾಷೆಯೂ ಚೆನ್ನಾಗಿದೆ!

ಖಾದರ್ ಸಾಹೇಬರಿಗೆ ಅದರ ಸಾರ ಹೇಳಿದೆ. "ಚಾಕು ಕೊಡಿ ಅಂತ ಕೇಳಿದ್ರೆ ರೇಷ್ಮೆ ಸುತ್ತಿ ಕೊಟ್ಟಿದ್ದೀರಿ. ಅಕ್ಕಾಗೆ ಓದಿ ಹೇಳಿದ್ರಾ?" ಎಂದರು. "ಸಂಜೆ ಹೇಳುತ್ತೇನೆ" ಎಂದೆ. ಹೇಳಲಿಲ್ಲ. ಅಕ್ಕ ಕೇಳಲೂ ಇಲ್ಲ. ತಮ್ಮ ಬರೆದದ್ದಲ್ಲವೇ, ಬೆರಳಿಗೆ ಮಸಿ ಮೆತ್ತಿಕೊಂಡು ಜೋಪಾನವಾಗಿ ರುಜು ಹಾಕಿದಳು.

ವಾರದೊಳಗೆ ಕಚೇರಿಯ ದೊಡ್ಡ ಸಾಹೇಬರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯರು, ಓದಿದವರು, ಲಂಚ ಮುಟ್ಟದವರು. ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊಟ್ಟೆ ಕುಲುಕುವ ಹಾಗೆ ನಗುತ್ತಿದ್ದರು. "ತುರಿಕೆ ಇರುವ ಅಂಗೈ! ಭೇಷ್! ಯು ರೈಟ್ ಬ್ಯೂಟಿಫುಲಿ, ಮೇಷ್ಟ್ರೇ. ಈ ತಾಲ್ಲೂಕಿನಲ್ಲಿ ಇಂಥ ಇಂಗ್ಲಿಷ್ ಓದಿ ಬಹಳ ದಿನವಾಗಿತ್ತು" ಎಂದರು. ನಾನು ನಾಚಿ ನೀರಾದೆ. ಕೆಂಪು ಪೆನ್ಸಿಲಿನಲ್ಲಿ ಮೂಲೆಯಲ್ಲಿ ಏನೋ ಗೀಚಿ ಅದನ್ನು ಮುಂದಿನ ಕ್ರಮಕ್ಕೆ ಕಳಿಸಿದರು. ಯಾರಿಗೆ ಅಂತೀರಿ? ಹಿರೇಗುಮಾಸ್ತರಿಗೇ!

ಎರಡು ದಿನದ ಮೇಲೆ ಸಂತೆ ಬೀದಿಯಲ್ಲಿ ಹಿರೇಗುಮಾಸ್ತರು ಎದುರಾದರು. ನಾನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದೆ. ಅವರು ಹತ್ತಿರ ಬಂದು ಮೆಲ್ಲಗೆ, "ನಿಮ್ಮ ಬರವಣಿಗೆ ನೋಡಿದೆ ಮೇಷ್ಟ್ರೇ. ಎಷ್ಟು ನಾಜೂಕು! ಯಾರಿಗೂ ನೋವಾಗದ ಹಾಗೆ. ದೊಡ್ಡ ಮನೆತನದವರ ಲಕ್ಷಣ ಅದು. ನಿಮ್ಮ ಕಾಯಮ್ಮಿನ ಕಾಗದ ಕೆಳಗೆ ಸಿಕ್ಕೊಂಡಿತ್ತು, ಮೇಲಕ್ಕೆ ಇಟ್ಟಿದ್ದೀನಿ" ಎಂದರು. ನಾನು ಏನು ಹೇಳಿದೆ ಗೊತ್ತೆ? "ತಮ್ಮ ದಯೆ" ಎಂದೆ. ಥೂ!

ಅಕ್ಕನ ಆರ್ಡರು ಬರಲಿಲ್ಲ. ಯುಗಾದಿಗೆ ಇನ್ನು ಹನ್ನೆರಡು ದಿನ ಇತ್ತು. ಅಕ್ಕ ಹಿತ್ತಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದವಳು ನನ್ನನ್ನು ಕರೆದು, "ಆ ಅರ್ಜೀಲಿ ಏನ್ ಬರ್ದೆ, ಕನ್ನಡದಾಗೆ ಏಳು" ಎಂದಳು. ನಾನು ತಡವರಿಸುತ್ತ ಹೇಳತೊಡಗಿದೆ. ಗಾಲಿ ಎಂದೆ, ಎಣ್ಣೆ ಎಂದೆ, ಅಂಗೈ ತುರಿಕೆ ಎಂದೆ. ಇಂಗ್ಲಿಷಿನಲ್ಲಿ ಮಿನುಗುತ್ತಿದ್ದದ್ದೆಲ್ಲ ಹುಣಸೆ ಸಿಪ್ಪೆಯ ಮಧ್ಯೆ ಕೂತ ಆ ಹೆಂಗಸಿನ ಮುಂದೆ ಹುಚ್ಚುಚ್ಚಾಗಿ ಕೇಳಿಸಿತು.

"ಗಾಲಿ, ಎಣ್ಣೆ, ಅಂಗೈ. ಇದ್ರಾಗೆ ನಾನೆಲ್ಲಿದ್ದೀನ್ಲಾ?"

"ಅಕ್ಕ, ಇಂಗ್ಲಿಷಲ್ಲಿ ಅಂಗೇ ಬರೆಯೋದು. ಮರ್ಯಾದೆಯಾಗಿ."

"ಯಾರ ಮರ್ಯಾದೆ?"

ಅಕ್ಕ ಕೈ ತೊಳೆದು ಒಳಗೆ ಹೋಗಿ, ನನ್ನದೇ ಲೇಖನಿ ತೆಗೆದುಕೊಂಡು ಕನ್ನಡದಲ್ಲಿ ಬರೆಯಲು ಕೂತಳು. ಅವಳಿಗೆ ಕಾಲು ಗಂಟೆ ಸಾಕಾಯಿತು.

ಮಾರನೆಯ ದಿನ ಅವಳು ಕಚೇರಿಗೆ ಹೋದಳು. ನಾನು ಹಿಂದೆಯೇ ಹೋಗಿ ಜಗಲಿಯ ಕಂಬದ ಪಕ್ಕ ನಿಂತೆ. ಹತ್ತು ಹದಿನೈದು ಮೇಷ್ಟರುಗಳು ಕಾದಿದ್ದರು. ಅಕ್ಕ ಕಾಗದವನ್ನು ಒಳಗೆ ಕಳಿಸಲಿಲ್ಲ. ಬಾಗಿಲಲ್ಲಿ ನಿಂತು ಪಾಠ ಓದುವ ಧ್ವನಿಯಲ್ಲಿ ಓದಿದಳು. "ಈ ಕಚೇರಿಯ ಹಿರೇಗುಮಾಸ್ತರು ನನ್ನ ಕೆಲಸಕ್ಕಾಗಿ ನನ್ನಿಂದ ಲಂಚ ಬಯಸಿದರು. ನಾನು ತಪ್ಪು ಮಾಡಿ ಹತ್ತು ರೂಪಾಯಿ ತೆಗೆದುಕೊಂಡು ಹೋದೆನು. ನಾನು ವಿಧವೆಯೆಂದು ಅವರು ತಟ್ಟೆ ಮುಟ್ಟಲಿಲ್ಲ. ಅದೇ ಹಣವನ್ನು ಬೇರೆಯವರ ಕೈಯಲ್ಲಿ ಕಳಿಸೆಂದರು." ಅಷ್ಟೇ. ಅದರಲ್ಲಿ ಗಾಲಿಯೂ ಇಲ್ಲ, ಎಣ್ಣೆಯೂ ಇಲ್ಲ. ಜಗಲಿಯ ಮೇಲಿದ್ದವರೆಲ್ಲ ಬೇರೆ ಕಡೆ ಮುಖ ಮಾಡಿದರು. ಅಲ್ಲಿದ್ದವರಲ್ಲಿ ತಟ್ಟೆ ಒಯ್ಯದವನು ಯಾವನಿದ್ದ?

ಸಾಹೇಬರು ಹೊರಗೆ ಬಂದರು, ಮುಖ ಗಂಭೀರವಾಗಿತ್ತು. "ಇದು ನಿಜವೇ?" ಎಂದು ಹಿರೇಗುಮಾಸ್ತರನ್ನು ಕೇಳಿದರು. ಆ ಪುಣ್ಯಾತ್ಮ ಒಂದಿಷ್ಟೂ ಗಾಬರಿಯಾಗದೆ ಕಡತ ಬಿಚ್ಚಿ ನನ್ನ ಇಂಗ್ಲಿಷ್ ಅರ್ಜಿಯನ್ನು ತೆಗೆದರು. "ಮಹಾಸ್ವಾಮಿ, ಈ ತಾಯಿ ಹಿಂದೆ ಕೊಟ್ಟ ಅರ್ಜಿ ಇದು. ಅವರದೇ ರುಜು. ಇದರಲ್ಲಿ ನನ್ನ ಹೆಸರಿಲ್ಲ, ತಟ್ಟೆ ಇಲ್ಲ, ಹತ್ತು ರೂಪಾಯಿ ಇಲ್ಲ. ಅವತ್ತು ಇಲ್ಲದ್ದು ಇವತ್ತು ಹೆಂಗೆ ಬಂತು? ಬೇಕಾದ್ರೆ ಬರೆದುಕೊಟ್ಟ ಮೇಷ್ಟ್ರೇ ಅಲ್ಲಿದಾರೆ, ಕೇಳೋಣಾಗಲಿ" ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕನೂ ತಿರುಗಿದಳು.

ಸಾಹೇಬರು ಕೇಳಿದರು: "ಮೇಷ್ಟ್ರೇ, ಮೇಜಿನ ಕೆಳಗೆ ಅಂತ ಬರೆದಿದ್ದೀರಲ್ಲ, ಇವರು ಹಣ ಕೇಳಿದ್ದು ನಿಮಗೆ ಗೊತ್ತಿತ್ತೆ?"

ಹೌದು ಎನ್ನಬೇಕಾಗಿತ್ತು. ಒಂದೇ ಮಾತು. ಆ ಬಿಸಿಲಿನಲ್ಲಿ ಕರಿಯ ಕೋಟಿನೊಳಗೆ ನನ್ನ ಬೆನ್ನಿನ ಮೇಲೆ ಬೆವರು ಇಳಿಯುತ್ತಿದ್ದುದು ಇಂದಿಗೂ ನೆನಪಿದೆ. "ಅದು... ಜಸ್ಟ್ ಆನ್ ಇಡಿಯಮ್, ಸರ್" ಎಂದೆ.

ಸಾಹೇಬರು ನಿಟ್ಟುಸಿರು ಬಿಟ್ಟು ಒಳಗೆ ಹೋದರು. ಅವರಿಗೂ ಏನೋ ಅನುಮಾನ ಉಳಿದಿರಬೇಕು, ಏಕೆಂದರೆ ಯುಗಾದಿಗೆ ಎರಡು ದಿನ ಮುಂಚೆ ಅಕ್ಕನಿಗೆ ಆರ್ಡರು ಬಂತು. ಕೊರಟಗೆರೆಗಲ್ಲ, ಪಾವಗಡದಾಚೆ ತಿರುಮಣಿಗೆ. ಪಾವಗಡವೆಂದರೆ ಆಗ ಸುತ್ತಲೂ ಮದ್ರಾಸಿನ ಸೀಮೆ. ಮೈಸೂರಿನ ನೌಕರರು ಅಲ್ಲಿಗೆ ವರ್ಗವಾದರೆ ಮನೆಯಲ್ಲಿ ಅತ್ತುಬಿಡುತ್ತಿದ್ದರು. ಮನೆಮಾತು ತೆಲುಗು, ನೀರಿಗೆ ಹರದಾರಿ ನಡೆಯಬೇಕು, ಒಂಟಿ ಹೆಂಗಸು. ಅಪ್ಪ ಬೇಡವೆಂದ. ಅಕ್ಕ ಟ್ರಂಕು ಕಟ್ಟಿದಳು. ಅದೇ ಟಪಾಲಿನಲ್ಲಿ ನನಗೂ ಒಂದು ಲಕೋಟೆ ಬಂದಿತ್ತು, ನನ್ನ ಕೆಲಸ ಕಾಯಂ ಆಗಿತ್ತು. ಕೊರಟಗೆರೆಯ ಜಾಗಕ್ಕೆ ಯಾರೋ ಒಬ್ಬಾಕೆ ಬಂದರು, ಮುತ್ತೈದೆ. ಹಿರೇಗುಮಾಸ್ತರು ಕೊನೆಯವರೆಗೂ ಅಲ್ಲೇ ಇದ್ದು, ಹಾರ ಹಾಕಿಸಿಕೊಂಡು ನಿವೃತ್ತರಾದರು. ಭಾಷಣ ನಾನೇ ಬರೆದುಕೊಟ್ಟೆ.

ಬಸ್ಸಿನ ಹತ್ತಿರ ಟ್ರಂಕು ಹೊತ್ತುಕೊಂಡು ಹೋದವನೂ ನಾನೇ. ಪೆಟ್ರೋಲಿಲ್ಲದ ಕಾಲ, ಇದ್ದಿಲಿನ ಬಸ್ಸು. ಅದು ಹೊಗೆ ಕಟ್ಟಿಕೊಂಡು ಹೊರಡಲು ಅರ್ಧ ಗಂಟೆ. ಆ ಅರ್ಧ ಗಂಟೆ ಅಕ್ಕ ರಸ್ತೆಯ ಕಡೆ ಮುಖ ಮಾಡಿ ಟ್ರಂಕಿನ ಮೇಲೆ ಕೂತಿದ್ದಳು. ಹತ್ತುವ ಮುಂಚೆ ಮಾತ್ರ ನಿಂತಳು.

"ಕೆಲ್ಸ ಕಾಯಮ್ಮಾಯ್ತಂತೆ. ಎಷ್ಟು ಕೊಟ್ಟೆ?"

"ಒಂದು ಕಾಸೂ ಕೊಟ್ಟಿಲ್ಲ ಅಕ್ಕ. ನಿನ್ನಾಣೆಗೂ ಕೊಟ್ಟಿಲ್ಲ."

"ಕೊಟ್ಟಿದ್ದೀಯ ಕಣ್ಲಾ," ಎಂದಳು, ಸಿಟ್ಟಿಲ್ಲದೆ, ಮಕ್ಕಳ ಲೆಕ್ಕ ತಿದ್ದುವ ಹಾಗೆ. "ನನ್ನ ಕೊಟ್ಟಿದ್ದೀಯ."

ಬಸ್ಸು ಹೋಯಿತು. ಅಕ್ಕ ತಿರುಮಣಿಯಲ್ಲಿ ಇಪ್ಪತ್ತೇಳು ವರ್ಷ ಪಾಠ ಮಾಡಿದಳು, ತೆಲುಗು ಕಲಿತಳು, ಅಲ್ಲೇ ತೀರಿಕೊಂಡಳು. ನನ್ನ ಕೈಯಲ್ಲಿ ಮತ್ತೊಂದು ಕಾಗದ ಬರೆಸಲಿಲ್ಲ. ನಾನು ಯಾರಿಂದಲೂ ಲಂಚ ಮುಟ್ಟದ ಮೇಷ್ಟ್ರು ಎಂದು ಮಧುಗಿರಿಯಲ್ಲಿ ಹೆಸರು ಮಾಡಿದೆ. ಆ ಕಾಯಂ ಕೆಲಸದ ಪೆನ್ಷನ್ ಈಗಲೂ ತಿಂಗಳ ಮೊದಲ ವಾರ ಬರುತ್ತದೆ. ರುಜು ಹಾಕಿ ತೆಗೆದುಕೊಳ್ಳುತ್ತೇನೆ.